ಬಸ್ಸಿಗೆ ಕಾದು ನಿಂತದ್ದೇ ತಪ್ಪಾಯಿತು

ಕೊನೇ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ನಿಂತವರಿಗೆ ಒಂದು ಪ್ರಶ್ನೆ ಹೊಸದಲ್ಲ. 'ಏಯ್, ಯಾಕೋ ಇಲ್ಲಿ ನಿಂತಿದ್ದೀಯ? ಯಾವೂರು ನಿಂದು?' ಕೇಳುವವನ ಕೈಯಲ್ಲಿ ಲಾಠಿ, ಉತ್ತರ ಹೇಳುವವನ ಕೈಯಲ್ಲಿ ಊಟದ ಡಬ್ಬಿ. ಅಂಗಿ ಇಸ್ತ್ರಿ ಕಂಡಿದ್ದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಮಾಸಿದ್ದರೆ ಠಾಣೆಯವರೆಗೂ ನಡೆಯುತ್ತದೆ.

ಇಂಥದೇ ಒಂದು ಪ್ರಶ್ನೆಯಿಂದ ಹುಟ್ಟಿದ ಹಾಡೊಂದಿದೆ. ಊರು ಲಂಡನ್ನು, ವರ್ಷ 1979. ಜನ ಕೆಲಸ ಮುಗಿಸಿ ಮನೆಗೆ ಓಡುವ ರಷ್ಷಿನ ಹೊತ್ತು. ಅಣ್ಣ ತಮ್ಮ ಇಬ್ಬರು ಬಸ್ಸಿಗೆ ಕಾದು ನಿಂತಿದ್ದಾರೆ. ಇಬ್ಬರೂ ಕರಿಯರು. ಗಲಾಟೆ ಇಲ್ಲ, ಗದ್ದಲ ಇಲ್ಲ. ಒಂದು ಪೋಲೀಸ್ ವ್ಯಾನು ಬಂದು ನಿಲ್ಲುತ್ತದೆ. ಮೂವರು ಇಳಿಯುತ್ತಾರೆ, ಮೂವರ ಕೈಯಲ್ಲೂ ದೊಣ್ಣೆ. ತಮ್ಮನ ರಟ್ಟೆ ಹಿಡಿಯುತ್ತಾರೆ. ನಾನೇನೂ ಮಾಡಿಲ್ಲ ಬಿಡಿ ಅಂದದ್ದಕ್ಕೆ ಹೊಡೆತ ಬೀಳುತ್ತದೆ. ಅಣ್ಣ ನೋಡುವಷ್ಟು ಹೊತ್ತು ನೋಡಿ ತಾನೂ ಕೈ ಎತ್ತುತ್ತಾನೆ. ಒಬ್ಬ ಪೋಲೀಸಿನವನು ಬಿದ್ದು ಸಾಯುತ್ತಾನೆ. ತಮ್ಮನ ಮೇಲೆ ಗುಮಾನಿ ಕೇಸು, ಅಣ್ಣನ ಮೇಲೆ ಕೊಲೆ ಕೇಸು. ಇಷ್ಟನ್ನೂ ಅಣ್ಣ ಬ್ರಿಕ್ಸ್‌ಟನ್ ಜೈಲಿನಲ್ಲಿ ಕೂತು ಅಮ್ಮನಿಗೆ ಕಾಗದ ಬರೆಯುತ್ತಾನೆ. ಆ ಕಾಗದವೇ ಹಾಡು. ಹೆಸರು 'ಸನ್ನೀಸ್ ಲೆಟಾ', ಅಂದರೆ ಸನ್ನಿಯ ಕಾಗದ. ಕಟ್ಟಿದವನು ಲಿಂಟನ್ ಕ್ವೆಸಿ ಜಾನ್ಸನ್. ಸನ್ನಿ ಮತ್ತು ಅವನ ತಮ್ಮ ಜಿಮ್ ಕವಿಯ ಕಲ್ಪನೆ. ಕಾಯಿದೆ ಮಾತ್ರ ಅಪ್ಪಟ ನಿಜ.

ಲಂಡನ್ನಿನ ಹಾಡಿಗೆ ನಮ್ಮ ಜಿಲ್ಲೆಯ ಕಾಲಮ್ಮಿನಲ್ಲಿ ಏನು ಕೆಲಸ ಅಂತ ಕೇಳಬಹುದು. ಕಾರಣ ಇದೆ. 2025ರ ಸೆಪ್ಟೆಂಬರ್ 13ರಂದು ವಲಸೆಗಾರರ ವಿರುದ್ಧದ ಮೆರವಣಿಗೆಗೆ ಲಂಡನ್ನಿನ ಬೀದಿಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರು. ಅದಕ್ಕೂ ಹಿಂದಿನ ವರ್ಷ, 2024ರ ಆಗಸ್ಟಿನಲ್ಲಿ, ಒಂದು ಸುಳ್ಳು ಸುದ್ದಿ ನಂಬಿದ ಜನ ಆಶ್ರಯ ಕೇಳಿ ಬಂದವರನ್ನು ಇಳಿಸಿದ್ದ ಹೋಟೆಲಿಗೇ ಬೆಂಕಿ ಹಚ್ಚಲು ಹೋದರು. ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿ ಓದುತ್ತಿದ್ದಾರೆ, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಥೇಮ್ಸ್ ನದಿಯ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯೇ ನಿಂತಿದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು ಅದನ್ನೇ. ಅದಕ್ಕಾಗಿ ಓಡಾಡಿದವರು ಕಲಬುರಗಿ ಕಡೆಯ ನೀರಜ್ ಪಾಟೀಲರು, ಲ್ಯಾಂಬೆತ್ ಎಂಬ ಆ ವಿಭಾಗಕ್ಕೆ ಮೇಯರ್ ಆಗಿದ್ದವರು. ಸನ್ನಿ ಕಾಗದ ಬರೆದ ಬ್ರಿಕ್ಸ್‌ಟನ್ ಜೈಲು ಇರುವುದೂ ಅದೇ ಲ್ಯಾಂಬೆತ್‌ನಲ್ಲಿ.

ಈಗ ಕಾಯಿದೆಗೆ ಬರೋಣ. ಅಲ್ಲಿನ ಜನ ಅದನ್ನು 'ಸಸ್' ಅನ್ನುತ್ತಿದ್ದರು. ಸಸ್ಪೆಕ್ಟ್ ಎಂಬ ಮಾತಿನ ಮೊಂಡು ರೂಪ. ನಾವು ಗುಮಾನಿ ಅನ್ನೋಣ. ಅದು 1824ರ ಅಲೆಮಾರಿ ಕಾಯಿದೆಯ 4ನೇ ಸೆಕ್ಷನ್ನು. ನೆಪೋಲಿಯನ್ ಯುದ್ಧ ಮುಗಿದು, ಕೆಲಸವಿಲ್ಲದ ಸಿಪಾಯಿಗಳು ಬೀದಿಯಲ್ಲಿ ಭಿಕ್ಷೆಗಿಳಿದ ಕಾಲದಲ್ಲಿ, ಬಡವರನ್ನು ಕಣ್ಣೆದುರಿನಿಂದ ಆಚೆ ಕಳಿಸಲು ಮಾಡಿದ್ದು. ನೂರೈವತ್ತು ವರ್ಷ ಕಳೆದ ಮೇಲೆ ಅದೇ ಹಳೇ ಬೀಗದ ಕೈಯನ್ನು ಲಂಡನ್ ಪೋಲೀಸರು ಕರಿಯ ಹುಡುಗರ ಮೇಲೆ ತಿರುಗಿಸಿದರು.

ಅಂಗಡಿ ಇಟ್ಟವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬಹುದು. ಕಳ್ಳತನದ ಕೇಸು ಅಂದರೆ ಏನು ಬೇಕು? ಕಳವಾದ ಮಾಲು ಬೇಕು, ಕಳಕೊಂಡವನು ಬೇಕು, ಕಂಡವನು ಬೇಕು. ಗುಮಾನಿ ಕೇಸಿಗೆ ಇವು ಯಾವುವೂ ಬೇಡ. 'ಈತ ಕಾರುಗಳ ಬಾಗಿಲು ಎಳೆದು ನೋಡುತ್ತಿದ್ದ, ಹೆಂಗಸರ ಬ್ಯಾಗಿನ ಹತ್ತಿರ ಸುಳಿದಾಡುತ್ತಿದ್ದ' ಅಂತ ಇಬ್ಬರು ಪೋಲೀಸಿನವರು ಹೇಳಿಕೆ ಕೊಟ್ಟರೆ ಸಾಕು. ಯಾರ ಕಾರು, ಯಾವ ಹೆಂಗಸು, ಕೇಳುವಂತಿಲ್ಲ. ಜೂರಿ ಇಲ್ಲ, ಮ್ಯಾಜಿಸ್ಟ್ರೇಟರೇ ತೀರ್ಮಾನ ಮಾಡಿ ಮೂರು ತಿಂಗಳವರೆಗೆ ಒಳಗೆ ಹಾಕಬಹುದು. ಲಂಡನ್ನಿನಲ್ಲಿ ಆಗ ಕರಿಯರು ನೂರಕ್ಕೆ 10 ಮಂದಿಯೂ ಇರಲಿಲ್ಲ. 1978ರಲ್ಲಿ ಗುಮಾನಿ ಮೇಲೆ ಹಿಡಿದವರಲ್ಲಿ ಮಾತ್ರ ನೂರಕ್ಕೆ 40ಕ್ಕೂ ಮೇಲ್ಪಟ್ಟು ಕರಿಯರು.

ಇವರು ಕದ್ದು ಮುಚ್ಚಿ ಬಂದವರೇ? ಅಲ್ಲ ಸ್ವಾಮಿ, ಬೇಕು ಅಂತ ಕರೆಸಿಕೊಂಡವರು. ಯುದ್ಧದಲ್ಲಿ ಗಂಡಾಳು ಕಮ್ಮಿಯಾಗಿ ಇಂಗ್ಲೆಂಡಿಗೆ ಕೂಲಿ ಬೇಕಾಗಿತ್ತು. 1948ರ ಜೂನ್ 22ರಂದು ಜಮೈಕಾದಿಂದ ವಿಂಡ್‌ರಷ್ ಎಂಬ ಹಡಗು ಬಂತು. ಆಮೇಲೆ ಸಾಲು ಹತ್ತಿತು. 1956ರಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆಯವರು ಬಾರ್ಬಡೋಸ್ ದ್ವೀಪಕ್ಕೇ ಹೋಗಿ ಬಸ್ಸಿನ ಕೆಲಸಕ್ಕೆ ಆಳು ಆರಿಸಿ ತಂದರು. ಎಲ್ಲ ಊರಲ್ಲೂ ಹೀಗಿರಲಿಲ್ಲ ಅನ್ನುವುದು ಬೇರೆ ಮಾತು. ಬ್ರಿಸ್ಟಲ್ ನಗರದ ಬಸ್ ಕಂಪೆನಿ ಕರಿಯರನ್ನು ಕಂಡಕ್ಟರ್ ಮಾಡುವುದಿಲ್ಲ ಅಂದಿತು. 1963ರಲ್ಲಿ ಜನ ಬಸ್ಸನ್ನೇ ಹತ್ತದೆ ಪ್ರತಿಭಟಿಸಿ ಆ ನಿಯಮ ಮುರಿದರು. ಮುರಿದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದ ಬಿಳಿಯನಲ್ಲದ ಮೊದಲ ಕಂಡಕ್ಟರ್ ಯಾರು ಗೊತ್ತೇ? ನಮ್ಮವನೇ, ರಘುಬೀರ್ ಸಿಂಗ್ ಎಂಬ ಸರ್ದಾರ್ಜಿ. ಒಟ್ಟಿನಲ್ಲಿ ಅಪ್ಪಂದಿರು ಟಿಕೆಟ್ ಹರಿದು ಬಸ್ಸು ಓಡಿಸಿದರು. ಮಕ್ಕಳು ಅದೇ ಬಸ್ಸಿಗೆ ಕಾದು ನಿಂತು ಸಿಕ್ಕಿಬಿದ್ದರು.

ಜಾನ್ಸನ್ ಅಂಥ ಮಕ್ಕಳಲ್ಲಿ ಒಬ್ಬ. 1952ರಲ್ಲಿ ಜಮೈಕಾದ ಹಳ್ಳಿಗಾಡಿನಲ್ಲಿ ಹುಟ್ಟಿದ. 1963ರಲ್ಲಿ ಅಮ್ಮನನ್ನು ಹುಡುಕಿಕೊಂಡು ಲಂಡನ್ನಿಗೆ ಬಂದ. 1972ರಲ್ಲಿ ಬ್ರಿಕ್ಸ್‌ಟನ್ ಮಾರುಕಟ್ಟೆಯಲ್ಲಿ ಪೋಲೀಸರು ಒಬ್ಬ ಹುಡುಗನನ್ನು ಎಳೆದಾಡುವುದನ್ನು ಕಂಡು, ಜೇಬಿನಿಂದ ಕಾಗದ ತೆಗೆದು ಪೋಲೀಸರ ಬಿಲ್ಲೆ ನಂಬರು ಬರೆದುಕೊಳ್ಳತೊಡಗಿದ. ಮಾಡಿದ ತಪ್ಪು ಅಷ್ಟೇ. ಅವನನ್ನೂ ವ್ಯಾನಿಗೆ ತುಂಬಿ ತದುಕಿದರು. ಮೇಲೆ ಪೋಲೀಸರಿಗೇ ಹೊಡೆದ ಅಂತ ಕೇಸು ಹಾಕಿದರು. ಕೋರ್ಟಿನಲ್ಲಿ ಖುಲಾಸೆಯಾಯಿತು.

ಆ ನಂಬರು ಬರೆದುಕೊಳ್ಳುವ ಬುದ್ಧಿ ಅವನ ಹಾಡುಗಳಲ್ಲೂ ಉಳಿಯಿತು. ಇಲ್ಲೇ ನನಗೆ ಇವನ ಮಹತ್ವ ಕಾಣುವುದು. ಅನ್ಯಾಯದ ವಿರುದ್ಧ ಹಾಡುವವರು ಬೇಕಾದಷ್ಟು ಮಂದಿ. ಎಲ್ಲರೂ ಒಂದೇ, ರಕ್ತ ಕೆಂಪು, ಬನ್ನಿ ಕೈ ಹಿಡಿಯಿರಿ, ಅಂತ. ಕೇಳಲು ಚೆನ್ನ. ಠಾಣೆಯಲ್ಲಿ ಕೂತವನಿಗೆ ಅದರಿಂದ ಒಂದು ಕೂದಲೂ ಕೊಂಕುವುದಿಲ್ಲ, ಅವನೂ ಜೊತೆಗೆ ತಾಳ ಹಾಕಬಲ್ಲ. ಸನ್ನಿಯ ಕಾಗದ ಹಾಗಲ್ಲ. ಮೊದಲು ಜೈಲಿನ ವಿಳಾಸ, ಬೀದಿ ಹೆಸರು ಸಮೇತ. ಆಮೇಲೆ ಅಮ್ಮನಿಗೆ ಮರ್ಯಾದೆಯ ಒಕ್ಕಣೆ. ಆಮೇಲೆ ಎಲ್ಲಿ ನಿಂತಿದ್ದೆವು, ಎಷ್ಟು ಹೊತ್ತಿನಲ್ಲಿ, ಎಷ್ಟು ಮಂದಿ ಇಳಿದರು, ಯಾರು ಮೊದಲು ಕೈ ಮಾಡಿದರು, ಎಲ್ಲಿಗೆ ಏಟು ಬಿತ್ತು. ಕೊನೆಗೆ ಯಾವ ಯಾವ ಕೇಸು ಹಾಕಿದರು. ಒಳ್ಳೆಯ ವಕೀಲ ಬರೆಸುವ ದೂರಿನ ಅರ್ಜಿ ಹೀಗೇ ಇರುತ್ತದೆ. ಸನ್ನಿ ತಾನು ಹೊಡೆಯಲಿಲ್ಲ ಅನ್ನುವುದಿಲ್ಲ, ಬಿಡಿಸಿ ಅಂತ ಗೋಗರೆಯುವುದೂ ಇಲ್ಲ. ತಮ್ಮನನ್ನು ನೋಡಿಕೊಳ್ಳುತ್ತೇನೆ ಅಂತ ಕೊಟ್ಟ ಮಾತು ನಡೆಸಲಾಗಲಿಲ್ಲವಲ್ಲ ಅನ್ನುವುದೇ ಅವನ ಸಂಕಟ. ಒಬ್ಬ ಮನುಷ್ಯ ಸತ್ತದ್ದನ್ನು ಹಾಡು ಮುಚ್ಚಿಡುವುದೂ ಇಲ್ಲ, ಮೆರೆಸುವುದೂ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಮಾತ್ರ ಇಡುತ್ತದೆ. ಪೋಲೀಸ್ ಹೇಳಿಕೆಯಲ್ಲಿ ತಲೆಕೆಳಗಾಗುವುದೂ ಆ ಕ್ರಮವೇ ತಾನೇ?

ಇನ್ನು ಭಾಷೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನ ಇಂಗ್ಲಿಷಿಗೂ ಅದು ಸಿಗುವುದಿಲ್ಲ, ಎಂ.ಎ. ಮಾಡಿದವರ ಇಂಗ್ಲಿಷಿಗೂ ಸಿಗುವುದಿಲ್ಲ. ಜಮೈಕಾದ ಅಮ್ಮಂದಿರು ಅಡಿಗೆಮನೆಯಲ್ಲಿ ಆಡುವ ಮಾತು, ಆಡಿದ ಹಾಗೇ ಬರೆದದ್ದು. ಹಿಂದೆ ರೆಗೆ ಸಂಗೀತ, ಎದೆಗೆ ಗುದ್ದುವ ಗಿಟಾರು ಮತ್ತು ಡ್ರಮ್ಮು. ಜಾನ್ಸನ್ ರಾಗ ಎಳೆಯುವುದಿಲ್ಲ. ಲಾವಣಿಯವನು ಮಧ್ಯೆ ಡಪ್ಪು ತಗ್ಗಿಸಿ ಕಥೆ ಹೇಳುವಂತೆ ಒಂದೇ ದನಿಯಲ್ಲಿ ಹೇಳಿಕೊಂಡು ಹೋಗುತ್ತಾನೆ. ಸಂಗೀತ ಕೂಡಿಸಿದ ಡೆನಿಸ್ ಬೊವೆಲ್‌ಗೂ ಖಾಕಿಯ ರುಚಿ ಗೊತ್ತಿತ್ತು. 1974ರಲ್ಲಿ ಅವನು ರೆಕಾರ್ಡು ಹಾಕುತ್ತಿದ್ದ ಕ್ಲಬ್ಬಿಗೆ ಪೋಲೀಸರು ನುಗ್ಗಿ ಗಲಾಟೆಯಾಯಿತು. ಆ ಕೇಸಿನಲ್ಲಿ ಆರು ತಿಂಗಳು ಜೈಲಿನಲ್ಲಿದ್ದು, ಅಪೀಲಿನಲ್ಲಿ ಗೆದ್ದು ಹೊರಬಂದ.

ಹಾಡಿನಿಂದ ಕಾಯಿದೆ ಬಿತ್ತೇ? ಹಾಗೆ ಹೇಳಿದರೆ ಕೆಲವು ಹೆಂಗಸರಿಗೆ ಅನ್ಯಾಯ ಮಾಡಿದಂತಾಗುತ್ತದೆ. ದಕ್ಷಿಣ ಲಂಡನ್ನಿನಲ್ಲಿ ಮೇವಿಸ್ ಬೆಸ್ಟ್ ಎಂಬಾಕೆ, ಅವರಂಥ ಇನ್ನಷ್ಟು ತಾಯಂದಿರು, ಮಕ್ಕಳನ್ನು ಹಿಡಿದುಕೊಂಡು ಹೋದಾಗಲೆಲ್ಲ ಠಾಣೆಯ ಬಾಗಿಲಿಗೆ ಹೋಗಿ ನಿಂತರು. ಸಹಿ ಸಂಗ್ರಹಿಸಿದರು, ಸಭೆ ಮಾಡಿದರು, ಪಾರ್ಲಿಮೆಂಟಿನವರೆಗೆ ಹೋದರು. ಸಸ್ ಕಿತ್ತೊಗೆಯಿರಿ ಎಂಬ ಚಳವಳಿ ಕಟ್ಟಿದ್ದು ಅವರು. 1980ರಲ್ಲಿ ಪಾರ್ಲಿಮೆಂಟಿನ ಸಮಿತಿಯೇ ಈ ಸೆಕ್ಷನ್ ತೆಗೆಯಬೇಕು ಅಂತ ವರದಿ ಕೊಟ್ಟಿತು. 1981ರ ಆಗಸ್ಟಿನಲ್ಲಿ ಅದು ಹೋಯಿತು. ಹಾಡು ಮಾಡಿದ ಕೆಲಸ ಬೇರೆ. ಠಾಣೆ ಬಾಗಿಲಲ್ಲಿ ನಿಂತ ತಾಯಿ ಹೇಳುತ್ತಿದ್ದದ್ದನ್ನು, ಅವಳ ಬೀದಿಯನ್ನೇ ನೋಡದವರ ಮನೆಯ ರೆಕಾರ್ಡ್ ಪ್ಲೇಯರಿಗೆ ತಂದು ಕೂರಿಸಿತು. ಅದೂ ತಾಯಿಗೇ ಬರೆದ ಕಾಗದದ ರೂಪದಲ್ಲಿ.

ಸೆಕ್ಷನ್ ಹೋದ ಮಾತ್ರಕ್ಕೆ ಚಟ ಹೋಗುತ್ತದೆಯೇ! ಅದೇ 1981ರ ಏಪ್ರಿಲಿನಲ್ಲಿ ಬ್ರಿಕ್ಸ್‌ಟನ್ನಿಗೆ ಮಫ್ತಿ ಪೋಲೀಸರನ್ನು ಇಳಿಸಿ, ಕೆಲವೇ ದಿನಗಳಲ್ಲಿ ಸುಮಾರು ಒಂದು ಸಾವಿರ ಜನರನ್ನು ಬೀದಿಯಲ್ಲಿ ತಡೆದು ಜೇಬು ತಡಕಿದರು. ಊರು ಹತ್ತಿ ಉರಿಯಿತು. ತಡೆದು ತಪಾಸಣೆ ಮಾಡುವ ಅಧಿಕಾರ 1984ರ ಹೊಸ ಕಾಯಿದೆಯಲ್ಲಿ ಬೇರೆ ಹೆಸರಿನಿಂದ ಉಳಿದುಕೊಂಡಿತು. ಈಗಲೂ ಅಲ್ಲಿ ಬಿಳಿಯರಿಗಿಂತ ಕರಿಯರನ್ನೇ ಹಲವು ಪಟ್ಟು ಹೆಚ್ಚಾಗಿ ತಡೆಯುತ್ತಾರೆ ಅಂತ ಆ ಸರ್ಕಾರದ ಅಂಕಿ ಅಂಶವೇ ಹೇಳುತ್ತದೆ.

ನಗುವುದಕ್ಕೆ ಮುಂಚೆ ನಮ್ಮ ಕಡೆ ಒಂದು ಸಲ ನೋಡಿಕೊಳ್ಳೋಣ. ಇಂಗ್ಲಿಷರು 1898ರಲ್ಲಿ ನಮಗೆ ಮಾಡಿಕೊಟ್ಟ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲಿ 109ನೇ ಸೆಕ್ಷನ್ ಇತ್ತು. ಅಲೆಮಾರಿಗಳು, ಗುಮಾನಿಗೊಳಗಾದವರು, ಇವರಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವುದು. 1973ರ ಕೋಡಿನಲ್ಲೂ ಅದೇ ನಂಬರು. 2024ರ ಜುಲೈಯಿಂದ ಬಂದ ಹೊಸ ಸಂಹಿತೆಯಲ್ಲಿ 128. ಮನೆ ಬದಲಾಯಿತು, ಬಾಡಿಗೆದಾರ ಬದಲಾಗಲಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು ಬಾಂಗ್ಲಾದೇಶದವರು ಎಂಬ ಗುಮಾನಿಯ ಮೇಲೆ ಕೆಡವಿ ಹಾಕಿದರು. ಗುಡಿಸಲು ಕಳಕೊಂಡವರಲ್ಲಿ ಅಸ್ಸಾಮಿನವರಿದ್ದರು, ತ್ರಿಪುರಾದವರಿದ್ದರು, ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟು ಛೀಮಾರಿ ಹಾಕಿತು. ಅಷ್ಟರೊಳಗೆ ಪಾತ್ರೆ ಪಡಗ ಮಣ್ಣುಪಾಲಾಗಿತ್ತು.

ಮತ್ತೆ ಇಂಗ್ಲೆಂಡಿಗೆ ಹೋಗೋಣ, ಈ ಸಲ ನಮ್ಮವರ ಬೀದಿಗೆ. ಲಂಡನ್ನಿನ ಪಶ್ಚಿಮಕ್ಕೆ ಸೌತಾಲ್ ಇದೆ. ಅರ್ಧ ಪಂಜಾಬು ಅಲ್ಲೇ ಇದೆ ಅನ್ನಬೇಕು. ಅಲ್ಲಿ ಡೊಮಿನಿಯನ್ ಅಂತ ಒಂದು ಟಾಕೀಸು. ಭಾರತೀಯ ಕಾರ್ಮಿಕರ ಸಂಘದವರೇ ಕೊಂಡು, ಹಿಂದಿ ಪಿಕ್ಚರ್ ಹಾಕುತ್ತಿದ್ದರು. 1976ರ ಜೂನ್ 4ರಂದು ಆ ಟಾಕೀಸಿನ ಹತ್ತಿರವೇ ಗುರ್ದೀಪ್ ಸಿಂಗ್ ಚಗ್ಗರ್ ಎಂಬ ಹದಿನೆಂಟರ ಹುಡುಗನನ್ನು ಬಿಳಿಯ ಪುಂಡರು ಇರಿದು ಕೊಂದರು. ಅದೇ ಆಗಸ್ಟಿನಲ್ಲಿ ಎರಿಕ್ ಕ್ಲಾಪ್ಟನ್ ಎಂಬ ಜಗತ್ಪ್ರಸಿದ್ಧ ಗಿಟಾರ್ ವಾದಕ ಬರ್ಮಿಂಗ್‌ಹ್ಯಾಮಿನ ವೇದಿಕೆಯ ಮೇಲೆ ಕುಡಿದ ಅಮಲಿನಲ್ಲಿ ಪರದೇಶದವರೆಲ್ಲ ತೊಲಗಬೇಕು ಅಂತ ಒದರಿದ. ಎರಡು ವರ್ಷದ ಹಿಂದೆಯಷ್ಟೇ ಜಮೈಕಾದ ಬಾಬ್ ಮಾರ್ಲೆಯ ಹಾಡು ಹಾಡಿ ಅಮೆರಿಕದಲ್ಲಿ ಒಂದನೇ ನಂಬರಿಗೆ ಏರಿದ್ದ ಮಹಾನುಭಾವ ಈತ! ರೆಡ್ ಸಾಂಡರ್ಸ್ ಎಂಬ ಫೋಟೋಗ್ರಾಫರ್ ಮತ್ತು ಅವನ ಗೆಳೆಯರು ಪತ್ರಿಕೆಗಳಿಗೆ ಕಾಗದ ಬರೆದು ಉಗಿದರು. ಅದರಿಂದ 'ರಾಕ್ ಅಗೇನ್‌ಸ್ಟ್ ರೇಸಿಸಂ' ಎಂಬ ಚಳವಳಿ ಹುಟ್ಟಿತು.

ಅವರು 1978ರ ಏಪ್ರಿಲ್ 30ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ಮಾಡಿದ ಜಾತ್ರೆ ದೊಡ್ಡದು. ಕ್ಲ್ಯಾಷ್, ಟಾಮ್ ರಾಬಿನ್ಸನ್, ಬರ್ಮಿಂಗ್‌ಹ್ಯಾಮಿನ ಕರಿಯರ ತಂಡ ಸ್ಟೀಲ್ ಪಲ್ಸ್, ಎಲ್ಲರೂ ಹಾಡಿದರು. ಮೈದಾನ ತುಂಬಿ ತುಳುಕಿತು. ಮರುವರ್ಷದ ಚುನಾವಣೆಯಲ್ಲಿ ನ್ಯಾಷನಲ್ ಫ್ರಂಟ್ ಎಂಬ ಬಿಳಿಯರ ಪಕ್ಷ 303 ಕಡೆ ನಿಂತು ಒಂದೂ ಗೆಲ್ಲಲಿಲ್ಲ. ನಾವೇ ಹಾಡಿ ಸೋಲಿಸಿದೆವು ಅನ್ನುವವರು ಇದ್ದಾರೆ. ಪೂರ್ತಿ ಒಪ್ಪುವುದು ಕಷ್ಟ. 1978ರ ಜನವರಿಯಲ್ಲೇ ಥ್ಯಾಚರಮ್ಮ ಟೆಲಿವಿಷನ್ನಿನಲ್ಲಿ ಕೂತು, ಬೇರೆ ಸಂಸ್ಕೃತಿಯವರು ಬಂದು ತುಂಬಿಕೊಳ್ಳುತ್ತಾರೆ ಅಂತ ನಮ್ಮ ಜನಕ್ಕೆ ಭಯ ಇದೆ ಎಂದು ಹೇಳಿಬಿಟ್ಟಿದ್ದರು. ಅಂಗಡಿಯಲ್ಲಿ ಅದೇ ಸಾಮಾನು ಮರ್ಯಾದಸ್ಥರ ಕಾಗದದಲ್ಲಿ ಸುತ್ತಿ ಕೊಟ್ಟರೆ ಗಿರಾಕಿ ಬೀದಿಬದಿಗೆ ಯಾಕೆ ಹೋಗುತ್ತಾನೆ? ಇನ್ನೊಂದು ಮಾತು. ಆ ವೇದಿಕೆಯ ಮೇಲೆ ಕರಿಯರಿದ್ದರು, ಬಿಳಿಯರಿದ್ದರು. ಏಟು ತಿನ್ನುವುದರಲ್ಲಿ ಹಿಂದೆ ಬೀಳದ ಪಂಜಾಬಿ, ಬಂಗಾಳಿ ಹುಡುಗರ ದನಿ ಮಾತ್ರ ಅಷ್ಟಾಗಿ ಕೇಳಲಿಲ್ಲ.

ಆ ದನಿ ಬಂದದ್ದು ಇಪ್ಪತ್ತು ವರ್ಷ ಕಳೆದು. 1986ರಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಸತ್ಪಾಲ್ ರಾಮ್ ಎಂಬವನ ಮೇಲೆ ಬಿಳಿಯರ ಗುಂಪು ಬಿತ್ತು. ಅವನು ಕೆಲಸಕ್ಕೆಂದು ಇಟ್ಟುಕೊಂಡಿದ್ದ ಸಣ್ಣ ಚಾಕು ಬೀಸಿದ, ಒಬ್ಬ ಸತ್ತ. 1987ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಬಂಗಾಳಿ ಮಾತಾಡುವ ಸಾಕ್ಷಿಗೆ ದುಭಾಷಿಯನ್ನೇ ಕೊಡಲಿಲ್ಲ ಅಂತ ಅವನ ಪರ ಹೋರಾಡಿದವರು ಹೇಳುತ್ತಲೇ ಬಂದರು. ಏಷ್ಯನ್ ಡಬ್ ಫೌಂಡೇಷನ್ ಎಂಬ, ನಮ್ಮ ಉಪಖಂಡದ ಮಕ್ಕಳೇ ಕಟ್ಟಿದ ತಂಡ, 1998ರಲ್ಲಿ ಅವನ ಹೆಸರಿಟ್ಟೇ ಹಾಡು ಮಾಡಿತು. ಸತ್ಪಾಲ್ ರಾಮ್‌ನನ್ನು ಬಿಡಿ ಎಂಬುದೇ ಶೀರ್ಷಿಕೆ. 2000ದಲ್ಲಿ ಪೆರೋಲ್ ಮಂಡಳಿ ಬಿಡಬಹುದು ಅಂದರೂ ಗೃಹಮಂತ್ರಿ ಜ್ಯಾಕ್ ಸ್ಟ್ರಾ ಬಿಡಲಿಲ್ಲ. ಮಂತ್ರಿಗೆ ಆ ಅಧಿಕಾರ ಸಲ್ಲದು ಅಂತ ಯೂರೋಪಿನ ಕೋರ್ಟು ಇನ್ನೊಂದು ಕೇಸಿನಲ್ಲಿ ಹೇಳಿದ ಮೇಲೆ, 2002ರಲ್ಲಿ ಹೊರಬಂದ. ಬಾಗಿಲು ತೆಗೆದದ್ದು ಕೋರ್ಟು. ಒಳಗೆ ಒಬ್ಬ ಇದ್ದಾನೆ ಅಂತ ನಾಲ್ಕು ವರ್ಷ ಊರೂರಿನಲ್ಲಿ ಕೂಗಿದ್ದು ಹಾಡು. ಬ್ರಾಡ್‌ಫರ್ಡಿನ ಕಾರ್ಮಿಕ ಜಾರ್ಜ್ ಲಿಂಡೊ ಮೇಲೆ ದರೋಡೆಯ ಸುಳ್ಳು ಕೇಸು ಬಿದ್ದಾಗ 1978ರಲ್ಲಿ ಜಾನ್ಸನ್ ಮಾಡಿದ್ದೂ ಇದನ್ನೇ. ಲಿಂಡೊ ಮರುವರ್ಷ ನಿರ್ದೋಷಿಯಾಗಿ ಹೊರಬಂದ.

ಈಗ 1979ರ ಏಪ್ರಿಲ್ 23. ಅದೇ ನ್ಯಾಷನಲ್ ಫ್ರಂಟು ಸೌತಾಲಿನ ಟೌನ್ ಹಾಲಿನಲ್ಲಿ ಚುನಾವಣಾ ಸಭೆ ಇಟ್ಟುಕೊಂಡಿತು. ಊರಿನವರು ಅಂಗಡಿ ಬಾಗಿಲು ಹಾಕಿ ಪ್ರತಿಭಟನೆಗೆ ಬಂದರು. ಸಾವಿರಾರು ಪೋಲೀಸರು, ಜೊತೆಗೆ ಎಸ್.ಪಿ.ಜಿ. ಎಂಬ ವಿಶೇಷ ದಳ. ಮಿಸ್ಟಿ ಇನ್ ರೂಟ್ಸ್ ಎಂಬ ರೆಗೆ ತಂಡದವರು ಇದ್ದ ಮನೆಗೆ ನುಗ್ಗಿ ವಾದ್ಯಗಳನ್ನು ಪುಡಿ ಮಾಡಿದರು. ತಂಡದ ಮ್ಯಾನೇಜರ್ ಕ್ಲಾರೆನ್ಸ್ ಬೇಕರನ ತಲೆಬುರುಡೆ ಒಡೆಯಿತು, ಪ್ರಜ್ಞೆ ತಪ್ಪಿ ಆಸ್ಪತ್ರೆಯಲ್ಲಿ ಬಿದ್ದ. ರಟ್ಸ್ ಎಂಬ ಬಿಳಿಯ ಹುಡುಗರ ತಂಡ ಅವನ ಮೇಲೆ ಹಾಡು ಕಟ್ಟಿತು. ಪ್ರತಿಭಟನೆಗೆ ಬಂದಿದ್ದ ಬ್ಲೇರ್ ಪೀಚ್, ನ್ಯೂಜಿಲೆಂಡಿನಿಂದ ಬಂದ ಮೇಷ್ಟ್ರು, ವಯಸ್ಸು 33, ತಲೆಗೆ ಏಟು ಬಿದ್ದು ಆ ರಾತ್ರಿ ತೀರಿಕೊಂಡ. ಮಣ್ಣು ಮಾಡುವ ಮುಂಚೆ ದೇಹವನ್ನು ಅದೇ ಡೊಮಿನಿಯನ್ ಟಾಕೀಸಿನಲ್ಲಿ ಇಟ್ಟಿದ್ದರು. ಸಾವಿರಾರು ಸಿಖ್ಖರು ಸಾಲಾಗಿ ಬಂದು ಕೈಮುಗಿದು ಹೋದರು. ತಮ್ಮ ಬೀದಿಗೋಸ್ಕರ ಸತ್ತ ಬಿಳಿಯ ಮೇಷ್ಟ್ರು.

ಎಸ್.ಪಿ.ಜಿ.ಯವರ ಲಾಕರುಗಳನ್ನು ತೆಗೆಸಿದಾಗ ಸರ್ಕಾರ ಕೊಡದ ದೊಣ್ಣೆ, ಸಲಾಕೆಗಳು ಸಿಕ್ಕವು. ಆದರೂ 1980ರಲ್ಲಿ ಸಾವಿನ ವಿಚಾರಣೆಯ ಜೂರಿ ಕೊಟ್ಟ ತೀರ್ಪು 'ಆಕಸ್ಮಿಕ'. ಅದೇ ವರ್ಷ ಜಾನ್ಸನ್‌ನ 'ರೆಗೆ ಫೈ ಪೀಚ್' ಬಂತು. ಕೊಂದದ್ದು ಎಸ್.ಪಿ.ಜಿ. ಅಂತ ದಳದ ಹೆಸರು ಹಿಡಿದೇ ಹೇಳಿತು. ಪೋಲೀಸರೊಳಗೇ ಕ್ಯಾಸ್ ಎಂಬ ಅಧಿಕಾರಿ ತನಿಖೆ ಮಾಡಿ ಬರೆದ ರಿಪೋರ್ಟು ಆಗಲೇ ಕಪಾಟಿನಲ್ಲಿತ್ತು. ಅದನ್ನು ಹೊರಗೆ ಬಿಟ್ಟದ್ದು 2010ರ ಏಪ್ರಿಲಿನಲ್ಲಿ. ಆ ಏಟು ಒಬ್ಬ ಪೋಲೀಸಿನವನದೇ, ಅದೂ ಎಸ್.ಪಿ.ಜಿ.ಯ ಒಂದು ವ್ಯಾನಿನಲ್ಲಿದ್ದ ಆರು ಮಂದಿಯಲ್ಲಿ ಒಬ್ಬನದೇ ಇರಬೇಕು, ಅನುಮಾನಕ್ಕೆ ಹೆಚ್ಚು ಜಾಗವಿಲ್ಲ ಅಂತ ಅದರಲ್ಲಿತ್ತು. ಆ ಆರು ಮಂದಿಯಲ್ಲಿ ಯಾರ ಮೇಲೂ ಕೊಲೆ ಕೇಸು ಆಗಲಿಲ್ಲ.